ಸಾವ್ಕಾರ್ರ ಜೀಪಿನ ಹೊಟ್ಟೆಯಲ್ಲಿ ಸಿಕ್ಕ ತುಂಡು

ನಿವೃತ್ತಿ ಎಂಬ ಮಾತನ್ನು ನಾನು ಬಳಸಿದರೆ ಬಾಳ್ಳುಪೇಟೆಯಲ್ಲಿ ನಗುತ್ತಾರೆ. ನನಗಿನ್ನೂ ಮೂವತ್ತೈದು. ಆದರೆ ಬೆನ್ನುಮೂಳೆಯ ಡಿಸ್ಕ್ ಜಾರಿದ ಮೇಲೆ ಹಾಸನದ ಡಾಕ್ಟರು ಇನ್ನು ಬಗ್ಗಬೇಡ, ಭಾರ ಎತ್ತಬೇಡ ಎಂದರು. ಬಗ್ಗದೆ, ಭಾರ ಎತ್ತದೆ ಮಾಡುವ ಮೆಕ್ಯಾನಿಕ್ ಕೆಲಸ ಯಾವುದು ಎಂದು ಅವರು ಹೇಳಲಿಲ್ಲ. ಹಾಗಾಗಿ ಹೆದ್ದಾರಿ ಪಕ್ಕದ ಖಾದರ್ ಭಾಯಿಯ ಗ್ಯಾರೇಜ್ ಬಿಟ್ಟು, ಈಗ ರಸ್ತೆಯ ಎದುರು ಸಾಲಿನ ಬ್ಯಾಟರಿ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದೇನೆ. ಬ್ಯಾಟರಿ ಎತ್ತಿಕೊಡುವುದಕ್ಕೂ ಗಿರಾಕಿಯನ್ನೇ ಕೇಳಬೇಕು.

ಐ.ಟಿ.ಐ. ಮುಗಿಸಿದ ಹುಡುಗರು ಆಗಾಗ ಬಂದು ಕೇಳುತ್ತಾರೆ: "ಅಣ್ಣ, ಗ್ಯಾರೇಜ್ ಕೆಲಸ ಹೆಂಗಿರ್ತದೆ?" ಅವರ ತಲೆಯಲ್ಲಿರುವುದು ಸ್ಕ್ಯಾನರ್. ಗಾಡಿಗೆ ತಂತಿ ಚುಚ್ಚಿದರೆ ಪರದೆಯ ಮೇಲೆ ತಪ್ಪು ಮೂಡುತ್ತದೆ, ಆ ಭಾಗ ಬದಲಿಸಿದರೆ ಮುಗಿಯಿತು ಎಂದುಕೊಂಡಿದ್ದಾರೆ. ಹೊಸ ಗಾಡಿಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ಆದರೆ ಈ ಗುಡ್ಡಗಳಲ್ಲಿ ಇನ್ನೂ ಓಡುವ ಹಳೆಯ ಜೀಪುಗಳಿಗೆ ತಂತಿ ಚುಚ್ಚುವ ಜಾಗವೇ ಇಲ್ಲ. ಅವುಗಳ ವಿಷಯ ತಿಳಿಯಬೇಕಾದರೆ ಮನುಷ್ಯರನ್ನೇ ಕೇಳಬೇಕು. ಕಷ್ಟ ಶುರುವಾಗುವುದು ಅಲ್ಲಿಂದ.

ಕೆಲಸಕ್ಕೆ ಸೇರಿದ ದಿನದಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ತಾರೀಖು, ಗಾಡಿ, ಗಿರಾಕಿ ಹೇಳಿದ ದೂರು, ನಿಜವಾಗಿ ಇದ್ದ ದೂರು. ಕೊನೆಯ ಈ ಎರಡು ಒಂದೇ ಆಗಿರುವ ದಿನಗಳನ್ನು ಹುಡುಕಲು ಹಾಳೆ ತಿರುವುತ್ತಲೇ ಇರಬೇಕು. ಆಲೂರಿನ ವ್ಯಾನಿನವನೊಬ್ಬ ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ ಎಂದು ಬಂದ. ಮುಂದಿನ ಭಾಗವನ್ನೆಲ್ಲ ಬಿಚ್ಚಿ, ತೊಳೆದು, ಜೋಡಿಸಿದೆವು. ಮತ್ತೆ ಎಡಕ್ಕೇ ಎಳೆಯಿತು. ಮೂರನೆಯ ಸಲ ಬಂದಾಗ, ತಾನು ಮೋರಿಯ ಕಟ್ಟೆಗೆ ಗುದ್ದಿದ್ದೆ ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಅವತ್ತು ಜೊತೇಲಿ ನಮ್ಮ ಮಾವ ಇದ್ರು ಕಣಣ್ಣ" ಎಂದ. ಮಾವನ ಮುಂದೆ ಮರ್ಯಾದೆ ಉಳಿಯಿತು, ನನ್ನ ಬೆನ್ನು ಹೋಯಿತು.

ಖಾದರ್ ಭಾಯಿ ನನ್ನ ಮೇಸ್ತ್ರಿ. ಹೊಗಳಿದ್ದು ನನಗೆ ನೆನಪಿಲ್ಲ. ಬೈಯುವುದಕ್ಕೂ ಅವರು ದನಿ ಏರಿಸುತ್ತಿರಲಿಲ್ಲ. ಅವರ ಗ್ಯಾರೇಜಿಗೆ ಒಂದೇ ಶಾಸನ, ಅದು ಟ್ರೇ. ಯಾವ ಗಾಡಿ ಬಿಚ್ಚಿದರೂ ಅದಕ್ಕೊಂದು ತಗಡಿನ ಟ್ರೇ ಇಡಬೇಕು. ಬೋಲ್ಟು, ವಾಷರು ಬಿಚ್ಚಿದ ಕ್ರಮದಲ್ಲೇ ಅದರಲ್ಲಿ ಸಾಲಾಗಿ ಕೂರಬೇಕು. ಜೋಡಿಸಿ ಮುಗಿದಾಗ ಟ್ರೇ ಖಾಲಿಯಾಗಿರಬೇಕು. ಒಂದು ವಾಷರ್ ಉಳಿದಿದ್ದರೂ ಗಾಡಿ ಗೇಟು ದಾಟುವ ಹಾಗಿಲ್ಲ. ಬೇರೆ ಗ್ಯಾರೇಜುಗಳಲ್ಲಿ ಉಳಿದ ಬೋಲ್ಟುಗಳಿಗೆ ಒಂದು ಡಬ್ಬವೇ ಇರುತ್ತದೆ. ನಮ್ಮಲ್ಲಿ ಅಂಥ ಡಬ್ಬ ಇರಲಿಲ್ಲ.

ಆ ಶಾಸನದಿಂದಾಗಿ ನಾನು ಅತಿ ಹೆಚ್ಚು ತಲೆ ಚಚ್ಚಿಕೊಂಡ ಕೇಸು ಹೆತ್ತೂರು ಕಡೆಯ ಒಂದು ಎಸ್ಟೇಟಿನ ಜೀಪಿನದು.

ಅದು ಚಂದ್ರಶೇಖರಪ್ಪ ಸಾವ್ಕಾರ್ರ ಜೀಪು, ಅವರ ತಂದೆಯ ಕಾಲದ್ದು. ಓಡಿಸುತ್ತಿದ್ದವರು ಮಂಜಣ್ಣ. ವಯಸ್ಸು ಐವತ್ತು ದಾಟಿತ್ತು, ಎಸ್ಟೇಟು ಕೆಲಸಗಾರರಿಗೆ ಕೊಡುವ ಲೈನ್ ಮನೆಯಲ್ಲೇ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ವಾಸ. ಬೋರ್ಡೋ ಸ್ಪ್ರೇ ಮಾಡುವ ದಿನಗಳು. ಮಳೆ ಹಿಡಿಯುವ ಮೊದಲು ಕಾಫಿ ಗಿಡಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುವ ಗಡಿಬಿಡಿ. ಒಂದು ಸೋಮವಾರ ಮಂಜಣ್ಣ ಜೀಪು ತಂದು ನಿಲ್ಲಿಸಿ, "ಆಯಿಲ್ ತೊಟ್ಟಿಕ್ತೈತೆ ಲೋಕೇಶ, ಚೇಂಬರ್ ಪ್ಯಾಕಿಂಗ್ ಹೋಗಿರ್ಬೇಕು. ಮಧ್ಯಾಹ್ನಕ್ಕೆ ಕೊಟ್ಬುಡು. ಮೈಲುತುತ್ತ ತುಂಬ್ಕೊಂಡು ಹೋಗ್ಬೇಕು" ಎಂದರು.

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಗಡಿನ ತೊಟ್ಟಿಗೆ ನಾವು ಚೇಂಬರ್ ಎನ್ನುತ್ತೇವೆ. ಆಯಿಲ್ ಇಳಿಸಿ, ಬೋಲ್ಟು ಬಿಚ್ಚಿ, ಚೇಂಬರ್ ಕೆಳಗಿಳಿಸಿ ತಳದ ಕೆಸರನ್ನು ಬಟ್ಟೆಯಿಂದ ಒರೆಸುವಾಗ ಬೆರಳಿಗೆ ಏನೋ ಗಟ್ಟಿ ತಾಗಿತು. ಡೀಸೆಲ್‌ನಲ್ಲಿ ತೊಳೆದು ನೋಡಿದೆ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಉಕ್ಕಿನ ತುಂಡು. ಒಂದು ತುದಿ ಗಿಳಿಯ ಕೊಕ್ಕಿನಂತೆ ಬಾಗಿದೆ, ಇನ್ನೊಂದು ತುದಿಯಲ್ಲಿ ತೂತು. ತೂತಿನ ಒಳಗೆ ಹಸಿರು ಕಿಲುಬು, ಅಂಚಿನಲ್ಲಿ ಅಲ್ಲಲ್ಲಿ ತಾಮ್ರದಂಥ ಕೆಂಪು.

ಟ್ರೇಯಲ್ಲಿ ಕೊನೆಯ ಬೋಲ್ಟಿನ ಪಕ್ಕ ಇಟ್ಟೆ. ಖಾದರ್ ಭಾಯಿ ಕನ್ನಡಕ ಏರಿಸಿ ನೋಡಿದರು.

"ಏನೋ ಇದು?"

"ಗೊತ್ತಿಲ್ಲ ಭಾಯಿ."

"ಗೊತ್ತಾಗೋವರೆಗೂ ಮುಚ್ಚಬೇಡ."

ಮಧ್ಯಾಹ್ನದ ಕೆಲಸ ಅಲ್ಲಿಗೆ ಮಧ್ಯಾಹ್ನದ್ದಾಗಿ ಉಳಿಯಲಿಲ್ಲ.

ಗಾಡಿಯಲ್ಲಿ ಸಿಕ್ಕಿದ್ದನ್ನು ಮಾಲೀಕರಿಗೆ ತೋರಿಸಬೇಕು ಎಂಬುದೂ ನಮ್ಮಲ್ಲಿ ಪದ್ಧತಿ. ಫೋಟೋ ತೆಗೆದು ಸಾವ್ಕಾರ್ರಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಲೋಕೇಶ, ಅದು ಒಡೆದಿರೋದಾ, ಬಿಚ್ಚಿರೋದಾ?"

"ಒಡೆದ ಗುರುತಿಲ್ಲ ಸಾವ್ಕಾರ್ರೆ."

"ಹಂಗಾದ್ರೆ ಯಾರೋ ಎಂಜಿನ್ ಬಿಚ್ಚವ್ರೆ. ಒಳ್ಳೇ ಸಾಮಾನು ತೆಗೆದು ಯಾವುದೋ ಗುಜರಿ ಹಾಕವ್ರೆ. ಮಂಜನ್ನ ಕೇಳು, ಹೋದ ಬೇಸಿಗೇಲಿ ಎರಡು ದಿನ ಗಾಡಿ ಎಲ್ಲಿತ್ತು ಅಂತ." ಒಂದು ಉಸಿರು ಬಿಟ್ಟು, "ಇನ್ನೊಂದು. ನಮ್ಮ ಸ್ಪ್ರೇ ಮಷಿನ್ ಸ್ಟಾರ್ಟ್ ಮಾಡೋ ಹಗ್ಗ ಎಳೆದ್ರೆ ಒಂದ್ಸಲ ಹಿಡಿತದೆ, ನಾಲ್ಕು ಸಲ ಜಾರ್ತದೆ. ಯಾರನ್ನಾದ್ರೂ ಕಳಿಸು" ಎಂದರು.

ಸ್ಪ್ರೇ ಮಷಿನ್ನು ನಮ್ಮ ಗ್ಯಾರೇಜಿನ ಕೆಲಸವಲ್ಲ, ಅದಕ್ಕೆ ಸಕಲೇಶಪುರದಲ್ಲಿ ಬೇರೆಯವರಿದ್ದಾರೆ ಎಂದೆ. ಅವರು ಅಷ್ಟರಲ್ಲಿ ಫೋನ್ ಇಟ್ಟಿದ್ದರು.

ಮಂಜಣ್ಣನನ್ನು ಕೇಳಿದೆ. ಗಾಡಿ ಎಲ್ಲೂ ನಿಂತಿರಲಿಲ್ಲ ಎಂದರು. ಎರಡು ದಿನ? ಇಲ್ಲವೇ ಇಲ್ಲ. ಕೊನೆಗೆ ಚಪ್ಪಲಿಯ ತುದಿಯಲ್ಲಿ ನೆಲ ಕೆರೆಯುತ್ತಾ, "ಬಿಸಿಲೆ ಘಾಟಲ್ಲಿ ಒಂದ್ ರಾತ್ರಿ ನಿಂತಿತ್ತು. ಫ್ಯಾನ್ ಬೆಲ್ಟ್ ಹೋಯ್ತು. ನಮ್ಮ ಭಾವನ ಮನೆ ಸಾಮಾನು ಬಿಟ್ಟು ಬರಕ್ ಹೋಗಿದ್ದೆ. ಸಾವ್ಕಾರ್ರಿಗೆ ಹೇಳಿರ್ಲಿಲ್ಲ" ಎಂದರು.

"ಬೆಲ್ಟ್ ಯಾರು ಹಾಕಿದ್ದು?"

"ನಾನೇ. ಬೆಲ್ಟ್ ಬಸ್ಸಿನಲ್ಲಿ ತರಿಸ್ದೆ. ಎಂಜಿನ್ ಯಾರೂ ಮುಟ್ಟಿಲ್ಲ ಕಣಪ್ಪ."

ಒಂದು ಸುಳ್ಳು ಹೇಳಿದವರ ಎರಡನೆಯ ಮಾತನ್ನು ನಂಬುವುದು ಹೇಗೆ? ನನಗೇ ಹಾಗೆ ಅನ್ನಿಸಿದ ಮೇಲೆ ಸಾವ್ಕಾರ್ರಿಗೆ ಅನ್ನಿಸದೇ ಇರುತ್ತದೆಯೇ. ಬಿಸಿಲೆಯ ವಿಷಯ ಅವರಿಗೆ ಅದೇ ಸಂಜೆ ಬೇರೆ ಯಾರಿಂದಲೋ ತಲುಪಿತು. ಮಂಜಣ್ಣನ ಹತ್ತಿರವಿದ್ದ ಜೀಪಿನ ಇನ್ನೊಂದು ಕೀಲಿ ವಾಪಸ್ ಪಡೆದರು. ಆ ತುಂಡು ಎಲ್ಲಿಯದು ಎಂದು ತಿಳಿಯುವವರೆಗೆ ಗಾಡಿ ಮುಟ್ಟಬೇಡ, ತಿಂಗಳ ಕೊನೆಯ ಒಳಗೆ ತಿಳಿಯದಿದ್ದರೆ ಬೇರೆ ಡ್ರೈವರ್ ನೋಡುತ್ತೇನೆ, ಲೈನ್ ಮನೆಯೂ ಅವನಿಗೇ ಬೇಕಾಗುತ್ತದೆ ಎಂದು ಹೇಳಿ ಕಳಿಸಿದರು. ತಿಂಗಳು ಮುಗಿಯಲು ಒಂದು ವಾರವೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಮಂಜಣ್ಣ ಬಂದರು. ಗ್ಯಾರೇಜಿನ ಮುಂದಿನ ಹಳೆಯ ಟಯರುಗಳ ಮೇಲೆ ಕೂತರು. ಅಲ್ಲಿಂದ ನನ್ನ ಕೈಗಳನ್ನೇ ನೋಡುತ್ತಿದ್ದರು. ಅದರ ಮಾರನೆಯ ದಿನವೂ ಬಂದರು.

ನಾನು ಎಂಜಿನ್ನನ್ನು ಭಾಗ ಭಾಗವಾಗಿ ತಡಕಿದೆ. ತುಂಡಿನ ಮೇಲಿನ ಹಸಿರು ಕಿಲುಬು, ಕೆಂಪು ಛಾಯೆ ನೋಡಿ, ಇದು ಹಿತ್ತಾಳೆಯ ಬುಷ್, ಅಂದರೆ ತಿರುಗುವ ದಂಡ ಕೂರುವ ಬಳೆಯ ಜೊತೆ ಉಜ್ಜಿದ ತುಂಡು ಎಂದು ತೀರ್ಮಾನಿಸಿದೆ. ಎಂಜಿನ್ನಿನಲ್ಲಿ ಅಂಥ ಬುಷ್ ಇರುವ ಜಾಗಗಳನ್ನೆಲ್ಲ ಹುಡುಕಿದೆ. ಆಯಿಲ್ ಪಂಪ್ ಬಿಚ್ಚಿದೆ, ಸರಿ ಇತ್ತು. ಟೈಮಿಂಗ್ ಕವರ್ ಬಿಚ್ಚಿದೆ, ಸರಿ ಇತ್ತು. ಬೇರಿಂಗುಗಳು ಆ ವಯಸ್ಸಿನ ಎಂಜಿನ್ನಿಗೆ ಆಶ್ಚರ್ಯವಾಗುವಷ್ಟು ಚೆನ್ನಾಗಿದ್ದವು. ಏನೂ ಕಾಣೆಯಾಗಿರಲಿಲ್ಲ. ಏನಾದರೂ ಕಾಣೆಯಾಗಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದು ಹೇಳಲಾರೆ.

ಅಷ್ಟರಲ್ಲಿ ಫೋಟೋ ಮೆಕ್ಯಾನಿಕ್‌ಗಳ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಹಾಕಿದ್ದು ನಾನೇ. ಅದಕ್ಕೆ ಬಂದ ಉತ್ತರಗಳನ್ನು ದಿನಚರಿಯಲ್ಲಿ ಒಂದೊಂದಾಗಿ ಗುರುತು ಹಾಕುತ್ತಾ ಹೋದೆ. ಗೇರ್‌ಬಾಕ್ಸಿನದು ಎಂದವರು ಏಳು ಮಂದಿ. ಕ್ಲಚ್ಚಿನದು ಎಂದವರು ಐವರು. ಹೊಲಿಗೆ ಯಂತ್ರದ್ದು ಎಂದವನು ಒಬ್ಬ. ಒಬ್ಬ ಬರೀ ಕೈಮುಗಿಯುವ ಚಿತ್ರ ಕಳಿಸಿದ. ಬಾಯಿಮಾತಿನ ಸಲಹೆ ಬೇರೆ. ಟೀ ಕುಡಿಯಲು ನಿಂತ ಲಾರಿ ಡ್ರೈವರ್ ಅದನ್ನು ಅಂಗೈ ಮೇಲೆ ಹೊರಳಿಸಿ, "ಇದಿಲ್ದೇನೂ ಓಡ್ತಿತ್ತಲ್ಲ? ಹಂಗಾದ್ರೆ ಬಿಸಾಕು ಮಾರಾಯ" ಎಂದು ಹೋದ. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಮಾಡೆಲ್ ಹೇಳು, ವರ್ಷ ಹೇಳು ಎಂದ. ಅದೇ ತಿಳಿದಿದ್ದರೆ ಅವನ ಹತ್ತಿರ ನಾನ್ಯಾಕೆ ಹೋಗುತ್ತಿದ್ದೆ.

ಸಾವ್ಕಾರ್ರ ಫೋನು ದಿನಕ್ಕೆ ಎರಡು ಸಲ ಬರುತ್ತಿತ್ತು. ಮೊದಲು ಜೀಪಿನ ವಿಚಾರಣೆ, ಆಮೇಲೆ ಸ್ಪ್ರೇ ಮಷಿನ್ನಿನ ಪುರಾಣ. "ಆಳುಗಳು ಹಗ್ಗ ಎಳೆದೂ ಎಳೆದೂ ತೋಳು ಬಿದ್ದೋಗೈತೆ ಅಂತಾರೆ. ಹೊಸ ಹಗ್ಗ ನಾನೇ ಹಾಕಿದೀನಿ. ಹಗ್ಗದ್ದೇನೂ ತಪ್ಪಿಲ್ಲ." ನಾನು ಹೂಂ ಎನ್ನುತ್ತಾ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ. ಜೀಪಿನ ಹೊಟ್ಟೆ ಬಗೆದಿಟ್ಟುಕೊಂಡು ಕೂತವನ ಹತ್ತಿರ ಯಾರಾದರೂ ಹಗ್ಗದ ಮಾತಾಡುತ್ತಾರೆಯೇ?

ಗುರುವಾರ ಖಾದರ್ ಭಾಯಿ ಬಂದು ಟ್ರೇ ಪಕ್ಕ ನಿಂತರು. ನಾನು ಬಿಚ್ಚಿ ಹರಡಿದ್ದನ್ನೆಲ್ಲ ನೋಡಿ, "ಇನ್ನೇನು ಬಿಚ್ಚಕ್ ಉಳಿದೈತೆ? ಹಾರ್ನು?" ಎಂದರು.

"ಭಾಯಿ, ಏನೂ ಕಮ್ಮಿ ಇಲ್ಲ. ಎಲ್ಲಾ ಐತೆ. ಇದೊಂದು ಜಾಸ್ತಿ."

"ಎಲ್ಲಾ ಐತೆ ಅಂದ್ರೆ ಇದು ಈ ಮನೇದಲ್ಲ, ನೆಂಟರದ್ದು. ನೆಂಟರು ಬಂದವ್ರೆ ಅಂದ್ರೆ ಒಳಗೆ ಕೂತು ಮನೆಯವರನ್ನ ಎಣಿಸ್ತಾರೇನೋ? ಯಾವ ಬಾಗಿಲಲ್ಲಿ ಬಂದ್ರು ನೋಡು."

ಮೂರು ದಿನ ನಾನು ಮನೆಯವರನ್ನೇ ಎಣಿಸಿದ್ದೆ. ಒಡೆದ ಗುರುತಿಲ್ಲ, ತಿರುಗುವ ಭಾಗಗಳಿಂದ ಪೆಟ್ಟು ತಿಂದ ಗುರುತೂ ಇಲ್ಲ. ಮೇಲಿನಿಂದ ಬಿದ್ದಿದ್ದರೆ ಅದು ಜಜ್ಜಿಹೋಗಿರಬೇಕಿತ್ತು. ಆ ಹಳೆಯ ಜೀಪುಗಳಲ್ಲಿ ಆಯಿಲ್ ಹಾಕಲು ಎಂಜಿನ್ನಿನ ಪಕ್ಕದಲ್ಲಿ ಒಂದು ದಪ್ಪ ಕೊಳವೆ ಇರುತ್ತದೆ. ಅದರ ಮುಚ್ಚಳದಲ್ಲೇ ಆಯಿಲ್ ಅಳೆಯುವ ಕಡ್ಡಿ. ಕೊಳವೆ ನೇರ ತಳಕ್ಕೆ ಇಳಿಯುತ್ತದೆ. ನಾನು ಜೀಪಿನ ಕೆಳಗೆ ಮಲಗಿ ಅಂಗೈ ಒಡ್ಡಿದೆ. ಭಾಯಿ ಮೇಲಿನಿಂದ ತುಂಡನ್ನು ಕೊಳವೆಗೆ ಬಿಟ್ಟರು. ಠಣ್ ಎಂದು ಒಂದು ಸಲ ತಾಗಿ, ನನ್ನ ಅಂಗೈಗೆ ಬಂದು ಬಿತ್ತು.

ಮಲಗಿದಲ್ಲಿಂದಲೇ ಕೂಗಿದೆ: "ಮಂಜಣ್ಣ, ಇದಕ್ಕೆ ಆಯಿಲ್ ಹಾಕೋದು ಯಾರು?"

ಟಯರಿನ ಮೇಲಿಂದ ಉತ್ತರ ಬಂತು: "ಸಾವ್ಕಾರ್ರು."

"ನೀವಲ್ವಾ?"

"ನನಗೆಲ್ಲಿ ಕೊಡ್ತಾರೆ? ಡ್ರೈವರ್ರು ಆಯಿಲ್ ಮಾರ್ಕೊಂತಾರೆ ಅಂತ ಡಬ್ಬನ ಸ್ಟೋರಲ್ಲಿಟ್ಟು ಬೀಗ ಹಾಕವ್ರೆ. ಕೀಲಿ ಅವರ ಸೊಂಟದಾಗೆ. ಅಳೆಯೋದೂ ಅವರೇ, ಹಾಕೋದೂ ಅವರೇ. ನಾನು ಬಾನೆಟ್ ಹಿಡ್ಕೊಂಡು ನಿಂತಿರ್ತೀನಿ."

ನಾನು ಹೊರಗೆ ಜರುಗಿ ಎದ್ದು ಕೂತೆ. "ಇದನ್ನ ಸೋಮವಾರವೇ ಹೇಳಕ್ಕೇನಾಗಿತ್ತು ಮಂಜಣ್ಣ?"

"ನೀನು ಕೇಳಿದ್ದು ಎಂಜಿನ್ ಯಾರ್ ಬಿಚ್ಚಿದ್ರು ಅಂತ. ಆಯಿಲ್ ಯಾರ್ ಹಾಕ್ತಾರೆ ಅಂತ ಕೇಳಿದ್ಯಾ?"

ಕೈಯಲ್ಲಿ ಸ್ಪ್ಯಾನರ್ ಇತ್ತು. ನಿಧಾನವಾಗಿ ಕೆಳಗಿಟ್ಟೆ.

ಆಗಲೇ ಸಾವ್ಕಾರ್ರ ಫೋನ್ ಬಂತು. ಸ್ಪ್ರೇ ಮಷಿನ್ನು. ಇವತ್ತು ಹಗ್ಗ ಪೂರ್ತಿ ಜಾರುತ್ತಿದೆಯಂತೆ. ನಾನು ಮೊದಲ ಬಾರಿಗೆ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ.

"ಸಾವ್ಕಾರ್ರೆ, ಹಗ್ಗ ಹಾಕುವಾಗ ಮಷಿನ್ ಎಲ್ಲಿ ಬಿಚ್ಚಿದ್ರಿ?"

"ಸ್ಟೋರಿನ ಮುಂದೆ. ಯಾಕೆ?"

"ಒಳಗಿನ ಸಣ್ಣ ಸಾಮಾನು ಎಲ್ಲಿಟ್ಟಿದ್ರಿ?"

"ನೆಲದ ಮೇಲಿಟ್ರೆ ಕಾಫಿ ಸಿಪ್ಪೇಲಿ ಸೇರ್ಕಂಡು ಹೋಗ್ತವೆ ಅಂತ ಆಲಿಕೇಲಿ ಹಾಕಿಟ್ಟಿದ್ದೆ. ನಂಗೂ ಕೆಲಸ ಗೊತ್ತಪ್ಪ."

ಕೆಲಸ ಗೊತ್ತಿರುವವರು ಹಾಗೆಯೇ ಮಾಡುತ್ತಾರೆ. ಎಸ್ಟೇಟುಗಳಲ್ಲಿ ಕಣದ ಮೂಲೆ ಮೂಲೆಯಲ್ಲೂ ಸಿಪ್ಪೆ, ತರಗೆಲೆ. ಬಿದ್ದ ವಾಷರ್ ಮತ್ತೆ ಸಿಗುವುದಿಲ್ಲ. ಹಾಗಾಗಿ ಸಣ್ಣ ಸಾಮಾನನ್ನು ಕೈಗೆ ಸಿಕ್ಕ ಪಾತ್ರೆಯಲ್ಲಿ ಹಾಕಿಡುವುದು ಅಲ್ಲಿಯ ರೂಢಿ. ಅಲ್ಲಿ ಸಿಕ್ಕ ಪಾತ್ರೆ ಆಯಿಲ್ ಸುರಿಯುವ ಆಲಿಕೆ. ಜೀಪಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಷಿನ್ನಿಗೆ, ಸ್ಪ್ರೇ ಮಷಿನ್ನಿಗೆ, ಎಲ್ಲದಕ್ಕೂ ಅದೊಂದೇ. ಅದರ ಕತ್ತಿನಲ್ಲಿ ಸಿಕ್ಕಿ ಉಳಿದ ತುಂಡು, ಆಮೇಲೆ ಆಯಿಲ್ ಜೊತೆ ಜೀಪಿನ ಕೊಳವೆಗೆ ಇಳಿದಿತ್ತು. ಹಸಿರು ಕಿಲುಬು ಹಿತ್ತಾಳೆಯದಲ್ಲ, ಮೈಲುತುತ್ತದ್ದು. ಉಕ್ಕಿಗೆ ಮೈಲುತುತ್ತದ ನೀರು ತಾಗಿದರೆ ಅದರ ಮೇಲೆ ತಾಮ್ರ ಕೂರುತ್ತದೆ. ಸ್ಪ್ರೇ ಸಮಯದಲ್ಲಿ ಈ ತಾಲ್ಲೂಕಿನ ಬಕೆಟ್ಟು, ಚಾಕು, ಆಳುಗಳ ಉಗುರು, ಎಲ್ಲದರ ಮೇಲೂ ಕಾಣುವ ಬಣ್ಣ ಅದು. ಇಲ್ಲೇ ಹುಟ್ಟಿ ಬೆಳೆದ ನಾನು ಮೂರು ದಿನ ಹಿತ್ತಾಳೆ ಬುಷ್ ಹುಡುಕಿದ್ದೆ.

ರಾತ್ರಿಯೊಳಗೆ ಎಂಜಿನ್ ಜೋಡಿಸಿದೆ. ತುಂಡನ್ನು ಬಿಟ್ಟು ಟ್ರೇ ಖಾಲಿಯಾಯಿತು. ಬೆಳಿಗ್ಗೆ ಹೊರಡುವಾಗ ಖಾದರ್ ಭಾಯಿ ಜೀಪಿನ ಬಾಗಿಲ ಹತ್ತಿರ ಬಂದರು.

"ನೋಡು, ಅಲ್ಲಿ ಹೋಗಿ ತಪ್ಪು ಯಾರ್ದು ಅಂತ ಬಾಯಿ ಬಿಡಬೇಡ. ನೀನು ಹಂಗೇ ಬಂದ್ಬುಡ್ತೀಯ, ಲೈನ್ ಮನೇಲಿ ಇರೋನು ಮಂಜಣ್ಣ. ಮಷಿನ್ ನೋಡಕ್ ಬಂದೆ ಅನ್ನು. ಮಿಕ್ಕಿದ್ದು ಮಷಿನ್ನೇ ಹೇಳ್ಲಿ."

ಗಾಡಿ ಮುಟ್ಟಬೇಡ ಎಂದಿದ್ದರಿಂದ ಜೀಪನ್ನು ನಾನೇ ಓಡಿಸಿದೆ. ಮಂಜಣ್ಣ ಪಕ್ಕದಲ್ಲಿ ಕೂತು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ದಾರಿಯುದ್ದಕ್ಕೂ ನಾವು ಆಡಿದ ಮಾತು, "ಎರಡನೇ ಗೇರಿಗೆ ಹಾಕು", "ಹಾಕಿದೀನಿ ಮಂಜಣ್ಣ", ಇಷ್ಟೇ.

ಸ್ಟೋರಿನ ಮುಂದೆ ಸಾವ್ಕಾರ್ರು ನಿಂತಿದ್ದರು. ಮಂಜಣ್ಣನ ಕಡೆ ನೋಡಲಿಲ್ಲ. "ಏನು, ತುಂಡಿನ ಮನೆ ಸಿಕ್ತಾ?" ಎಂದು ನನ್ನನ್ನು ಕೇಳಿದರು.

"ಮೊದಲು ಮಷಿನ್ ನೋಡ್ತೀನಿ ಸಾವ್ಕಾರ್ರೆ. ಆಳುಗಳು ಕಾಯ್ತಾವ್ರೆ."

ಆಳುಗಳು ನಿಜಕ್ಕೂ ಕಾಯುತ್ತಿದ್ದರು. ಡ್ರಮ್ಮಿನಲ್ಲಿ ನೀಲಿ ದ್ರಾವಣ ತಯಾರಿತ್ತು. ಮಷಿನ್ನನ್ನು ಮಟ್ಟ ನೆಲಕ್ಕೆ ಎಳೆದು, ಹಗ್ಗ ಸುತ್ತಿಕೊಳ್ಳುವ ಮುಂಬದಿಯ ಡಬ್ಬಿಯನ್ನು ಬಿಚ್ಚಿದೆ. ಒಳಗೆ ಒಂದು ಚಕ್ರ. ಹಗ್ಗ ಎಳೆದಾಗ ಚಕ್ರದಿಂದ ಎರಡು ಕೊಕ್ಕೆಗಳು ಹೊರಚಾಚಿ ಎಂಜಿನ್ನನ್ನು ಹಿಡಿದು ತಿರುಗಿಸಬೇಕು. ಎಡಗಡೆ ಒಂದು ಕೊಕ್ಕೆ ಇತ್ತು, ಒಂಟಿಯಾಗಿ ಎಳೆದೂ ಎಳೆದೂ ಅದರ ತುದಿ ಸವೆದಿತ್ತು. ಬಲಗಡೆ ಬರೀ ಗೂಟ.

ಜೇಬಿನಿಂದ ತುಂಡು ತೆಗೆದು ಗೂಟಕ್ಕೆ ಇಳಿಸಿದೆ. ಕುಳಿತಿತು. ಬೆರಳಲ್ಲಿ ತಳ್ಳಿದೆ. ಎಡಗಡೆಯದರ ಹಾಗೆಯೇ ಬಾಗಿ, ಹಾಗೆಯೇ ಮರಳಿತು.

ಸಾವ್ಕಾರ್ರು ಬಗ್ಗಿ ನೋಡುತ್ತಿದ್ದವರು ನೆಟ್ಟಗಾದರು. ಅವರ ಕಣ್ಣು ಸ್ಟೋರಿನ ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಆಲಿಕೆ ತೂಗುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ನಾನು ಡಬ್ಬಿ ಮುಚ್ಚಿ, ಸ್ಕ್ರೂ ಬಿಗಿದು, ಹಗ್ಗದ ಹಿಡಿಯನ್ನು ಒಬ್ಬ ಆಳಿನ ಕೈಗೆ ಕೊಟ್ಟೆ. ಅವನು ಅಭ್ಯಾಸಬಲದಿಂದ ನಾಲ್ಕು ಸಲಕ್ಕಾಗುವಷ್ಟು ಜೋರಾಗಿ ಎಳೆದ. ಮಷಿನ್ನು ಒಂದೇ ಏಟಿಗೆ ಹತ್ತಿಕೊಂಡಿತು, ಅವನು ಹಿಂದಕ್ಕೆ ಕೂತುಬಿಟ್ಟ. ಉಳಿದವರು ನಕ್ಕರು.

ನಗು ನಿಂತ ಮೇಲೆ ಸಾವ್ಕಾರ್ರು ಹೇಳಿದರು: "ನಾನು ಅವತ್ತೇ ಹೇಳ್ಲಿಲ್ವಾ ಲೋಕೇಶ, ಅದು ಜೀಪಿನ ಸಾಮಾನಲ್ಲ ಅಂತ?"

ಹೇಳಿರಲಿಲ್ಲ. ಅವರು ಹೇಳಿದ್ದು ನನ್ನ ದಿನಚರಿಯಲ್ಲಿದೆ. ಖಾದರ್ ಭಾಯಿಯ ಮಾತು ನೆನಪಾಗಿ ಹಲ್ಲು ಕಚ್ಚಿ, "ಹೌದು ಸಾವ್ಕಾರ್ರೆ" ಎಂದೆ. ಆ ಎರಡು ಪದಗಳ ಶ್ರಮದ ಮುಂದೆ ಎಂಜಿನ್ ಬಿಚ್ಚಿದ್ದು ಏನೂ ಅಲ್ಲ.

ಅವರು ಜೀಪಿನ ಕೀಲಿಯನ್ನು ನನ್ನಿಂದ ಪಡೆದು ಅಂಗೈಯಲ್ಲಿ ಒಮ್ಮೆ ಎತ್ತಿ ಹಿಡಿದು, ಮಂಜಣ್ಣ ನಿಂತಿದ್ದ ಕಡೆಗೆ ಚಾಚಿದರು. ಮುಖ ಮಾತ್ರ ಡ್ರಮ್ಮಿನ ಕಡೆಗಿತ್ತು.

"ಮಂಜ, ಮೈಲುತುತ್ತ ಇನ್ನೆರಡು ಮೂಟೆ ಬೇಕು. ಸಕಲೇಶಪುರಕ್ಕೆ ಹೋಗ್ಬಾ."

ಮಂಜಣ್ಣ ಕೀಲಿ ತೆಗೆದುಕೊಂಡರು. ಆದರೆ ಜೀಪು ಹತ್ತಲಿಲ್ಲ. ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರು. ನಾನು ಹಾಕಿದ್ದ ಆಯಿಲ್ ಸ್ವಲ್ಪ ಕಮ್ಮಿ ಇತ್ತು, ಅದು ನನಗೂ ಗೊತ್ತಿತ್ತು.

"ಆಯಿಲ್ ಬೇಕು ಸಾವ್ಕಾರ್ರೆ."

ಸಾವ್ಕಾರ್ರ ಕೈ ಸೊಂಟಕ್ಕೆ ಹೋಯಿತು. ಸ್ಟೋರಿನ ಬೀಗ ತೆಗೆಯುತ್ತಾರೆ ಎಂದುಕೊಂಡೆ. ಅವರು ಕೀಲಿಗೊಂಚಲಿನಿಂದ ಆ ಒಂದು ಕೀಲಿಯನ್ನು ಬಿಡಿಸಲು ಉಗುರಿನಲ್ಲಿ ಒದ್ದಾಡುತ್ತಿದ್ದರು. ಬಿಡಿಸಿ ಜೀಪಿನ ಬಾನೆಟ್ಟಿನ ಅಂಚಿನ ಮೇಲಿಟ್ಟರು.

"ಇನ್ಮೇಲೆ ನೀನೇ ಹಾಕ್ಕೋ. ನಂಗೆ ಬಗ್ಗಕ್ಕಾಗಲ್ಲ" ಎಂದು ಸ್ಪ್ರೇ ಆಳುಗಳ ಹಿಂದೆ ತೋಟದೊಳಗೆ ನಡೆದರು.

ಮಂಜಣ್ಣ ಅವರು ಮರೆಯಾಗುವವರೆಗೆ ನೋಡಿದರು. ಆಮೇಲೆ ಸ್ಟೋರಿನ ಬೀಗ ತೆಗೆದು ಡಬ್ಬ ತಂದರು, ಮೊಳೆಯಿಂದ ಆಲಿಕೆ ಇಳಿಸಿದರು. ಅದನ್ನು ಬೋರಲು ಹಿಡಿದು ಕಂಬಕ್ಕೆ ಎರಡು ಸಲ ಬಡಿದರು. ಮತ್ತೆ ಎತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅದರ ಬಾಯಿಗೆ ಇಟ್ಟು ಆಕಾಶದ ಕಡೆ ನೋಡಿದರು.

"ಖಾಲಿ ಐತೆ" ಎಂದು ನನಗೆ ಹೇಳಿ, ಆಯಿಲ್ ಸುರಿಯತೊಡಗಿದರು.